ಗುಂಡ್ಯಾ ಸುಳ್ಳ ಹೇಳಿದ್ದಿಲ್ಲ

ಸಂಕ್ರಾಂತಿ ಆದ ಮ್ಯಾಲೆ ಇಲ್ಲೆ ಒಂದ ಅಕ್ಷರನೂ ಬರದಿಲ್ಲ ನಾನು. "ಏನ್ರೀ, ಶಾಯಿ ಮುಗೀತೇನು?" ಅಂತ ಹಿಂದಿನ ಓಣಿ ಕಾಕು ಮೊನ್ನೆ ಕೇಳಿದ್ರು. ಶಾಯಿ ಮುಗಿದಿದ್ದಿಲ್ಲ. ಯಾವ ಮಾರಿ ಇಟಗೊಂಡು ಬರೀಲಿ ಅಂತ ಸುಮ್ನ ಕೂತಿದ್ದೆ.

ನಿಮ್ಮೊಳಗ ಭಾಳ ಮಂದಿಗೆ ಈ ಕಥಿ ಅರ್ಧಾ ಗೊತ್ತದ. ಭಿಶಿ ದಿವ್ಸ ನಾನ ಹೇಳಿದ್ದೆ, "ನನ್ನ 30 ಸಾವಿರ ನೀರಾಗ ಹೋತು ನೋಡ್ರಿ, ಅಕ್ಕನ ಮಗಾ ಬಂದು ಕಂಪ್ಯೂಟರ್ ಕೆಡಿಸಿ ಹೋದ" ಅಂತ. ನೀವೂ "ಅಯ್ಯ, ಹಂಗಾತ?" ಅಂದ್ರಿ, ಇನ್ನೊಂದು ಕಪ್ ಚಹಾ ಕುಡದ್ವಿ. ಆ ಮಾತು ನಾಕ ದಿನದಾಗ ಗದಗಿಗೆ ಹೋಗಿ ನಮ್ಮ ಅಕ್ಕನ ಕಿವಿಗೆ ಬಿತ್ತು. ಯಾರು ಹೇಳಿದ್ರು ಅಂತ ನಾ ಕೇಳಂಗಿಲ್ಲ. ಹೇಳಿದಾಕಿ ನಾನ ಇದ್ದೆ, ಮುಂದ ದಾಟಿಸಿದವ್ರದು ಏನು ತಪ್ಪು. ಉಳದ ಅರ್ಧಾ ಕಥಿ ಇವತ್ತ ಹೇಳ್ತೀನಿ, ಇದನ್ನೂ ಅಷ್ಟ ಲಗೂನ ಗದಗಿಗೆ ಮುಟ್ಟಸ್ರಿ.

ನಮ್ಮಾಕಿ ಆರ್ಕಿಟೆಕ್ಚರ್ ಓದ್ಲಿಕತ್ತಾಳ ಅಂತ ನಿಮಗೆಲ್ಲಾ ಗೊತ್ತದ. ಐದು ವರ್ಷದ ಕೋರ್ಸು, ಇದು ಕಡೀ ವರ್ಷ. ದಿನಾ ಮುಂಜಾನೆ ಏಳೂವರಿಗೆ ಚಿಗರಿ ಬಸ್ ಹತ್ತಿ ಹುಬ್ಬಳ್ಳಿಗೆ ಹೋದ್ರ ಸಂಜೀಕ ದೀಪಾ ಹಚ್ಚೋ ಹೊತ್ತಿಗೆ ಧಾರವಾಡ ಮುಟ್ತಾಳ. ಕಂಪ್ಯೂಟರ್ 2020ರಾಗ ತಗೊಂಡಿದ್ದು, ಲಾಕ್‌ಡೌನಿನ್ಯಾಗ ಕ್ಲಾಸೆಲ್ಲಾ ಮನಿಯಿಂದನ ಆಗ್ಲಿಕತ್ತಾಗ. ಆವಾಗ ಕ್ಲಾಸ್ ನೋಡೂದು, ಸಣ್ಣ ಸಣ್ಣ ನಕಾಶಿ ತಗಿಯೂದು, ಇಷ್ಟ ಇತ್ತು. ಅಷ್ಟಕ್ಕ ಛಲೋನ ನಡೀತು.

ಈಗ ಥೀಸಿಸ್. ಗುಳೇದಗುಡ್ಡದಾಗ ಖಣ ನೇಯೋ ಮಂದಿಗೆ ಒಂದು ಕೇಂದ್ರ ಕಟ್ಟಿದ್ರ ಹೆಂಗಿರಬೇಕು ಅಂತ ಆಕಿ ವಿಷಯ. ಮಗ್ಗದ ಕ್ವಾಣಿ, ಬಣ್ಣಾ ಹಾಕೂ ಜಾಗಾ, ಅಂಗಳ, ಮಾರೂ ಅಂಗಡಿ. ನನ್ನ ಹಳೇ ಖಣದ ಕುಬುಸಗಳನ್ನೆಲ್ಲಾ ಟ್ರಂಕಿನಿಂದ ತಗಸಿ ಫೋಟೋ ಹೊಡಕೊಂಡಾಳ. ಅದನ್ನೆಲ್ಲಾ ಸ್ಕೆಚ್‌ಅಪ್ ಅನ್ನೋದ್ರಾಗ ಮೂರೂ ಕಡಿಯಿಂದ ಕಾಣೂಹಂಗ ಕಟ್ಟಬೇಕು, ಆಮ್ಯಾಲೆ ಲುಮಿಯಾನ್ ಅನ್ನೋದ್ರಾಗ ಗಿಡಾ, ಬಿಸಲು, ಮಂದಿ ಎಲ್ಲಾ ಹಾಕಿ ಒಳಗ ಅಡ್ಡಾಡಿದಂಗ ವಿಡಿಯೋ ಮಾಡಬೇಕು. ನಮ್ಮ ಹಳೇ ಕಂಪ್ಯೂಟರಿಗೆ ಅದು ಆಗ್ತಿದ್ದಿಲ್ಲ. ಕಟ್ಟಿದ ಮನೀ ಸ್ವಲ್ಪ ತಿರುಗಿಸಿದ್ರ ಸಾಕು, ಗಕ್ಕನ ನಿಂತು, ಮತ್ತ ಹಾರಿ, ಮತ್ತ ನಿಲ್ಲೂದು. ಲುಮಿಯಾನ್ ಅಂತೂ ಹೊಸ್ತಲಾ ದಾಟೂದಕ್ಕ ಒಲ್ಲೆ ಅಂತಿತ್ತು. ರಾತ್ರಿ ಎರಡಕ್ಕ ಎದ್ದು ನೋಡಿದ್ರ ಹುಡುಗಿ ಗಲ್ಲಕ್ಕ ಕೈ ಕೊಟ್ಟು ಕೂತಿರ್ತಿದ್ಲು.

ಜನವರಿ ಭಿಶಿ ನನಗ ಎದ್ದಿತು. ಹನ್ನೆರಡು ಮಂದಿ, ತಲಿಗೆ 2,500, ಒಟ್ಟು 30 ಸಾವಿರ. ನನಗ ಬಾಂಡೆ ಕಪಾಟು ಮಾಡಸೂ ಆಶಾ ಇತ್ತು, ಮೂರು ವರ್ಷದಿಂದ. ಅದನ್ನ ಬಿಟ್ಟು ಗುಂಡ್ಯಾಗ ಫೋನ್ ಮಾಡಿದೆ. ಗುಂಡ್ಯಾ ಅಂದ್ರ ಗೊತ್ತಲ್ಲ, ನಮ್ಮ ಅಕ್ಕನ ಮಗಾ, ಬೆಂಗಳೂರಾಗ ಇರ್ತಾನ. ಸಣ್ಣಂವ ಇದ್ದಾಗ ನಮ್ಮನಿ ರೇಡಿಯೋ ಬಿಚ್ಚಿ ಇವ್ರ ಕಡೆ ಬೈಸಿಕೊಂಡಿದ್ದ, ಆದ್ರ ಹೊಳ್ಳಿ ಜೋಡಿಸಿದ್ದಾ ಅಂವನ. "ಮೌಶಿ, ಆ ಕಂಪ್ಯೂಟರಿಗೆ ಗ್ರಾಫಿಕ್ಸ್ ಕಾರ್ಡ್ ಇಲ್ಲ, ಅದಕ್ಕ ಹಂಗಾಗ್ತದ" ಅಂದ. ಬೆಂಗಳೂರು ಎಸ್.ಪಿ. ರೋಡಿನ್ಯಾಗ ಅಡ್ಡಾಡಿ ಎನ್ವಿಡಿಯಾ ಆರ್‌ಟಿಎಕ್ಸ್ 3060 ಅನ್ನೋ ಕಾರ್ಡು, 12 ಜಿಬಿದ್ದು, 27 ಸಾವಿರಕ್ಕ ಕುದರಿಸಿ ತಂದ. ಉಳದ ರೊಕ್ಕದಾಗ ಇನ್ನೊಂದು 8 ಜಿಬಿ ರ್‍ಯಾಮಿನ ಕಡ್ಡಿ. ತನ್ನ ಬಸ್ ಖರ್ಚು ಸುದ್ದಾ ತಗೊಳ್ಳಿಲ್ಲ.

ಅಂವ ಬಂದ ದಿವ್ಸ ನಮ್ಮಾಕಿ ಇದ್ದಿಲ್ಲ, ಕಾಲೇಜಿನವ್ರ ಜೋಡಿ ಅಹ್ಮದಾಬಾದಿಗೆ ಕಟ್ಟಡ ನೋಡ್ಲಿಕ್ಕೆ ಹೋಗಿದ್ಲು. ಇವ್ರು ಪೆನ್ಶನ್ ಕೆಲಸಕ್ಕ ಹೊರಗ. ಮನಿಯಾಗ ನಾನು, ಗುಂಡ್ಯಾ ಇಬ್ಬರ. ಇದು ನೆನಪಿಡ್ರಿ, ಮುಂದ ಬೇಕಾಗ್ತದ.

ನಾವೆಲ್ಲಾ ಸಿಪಿಯು ಅಂತೀವಲ್ಲ, ಆ ಕರೀ ಡಬ್ಬಿ, ಅದರ ಮಗ್ಗಲಿನ ತಗಡ ಬಿಚ್ಚಿದ. ಅಯ್ಯಯ್ಯ, ನಾಕು ವರ್ಷದ ಧೂಳು! ಮ್ಯಾಲಿಂದ ದಿನಾ ಒರಸ್ತೀನಿ, ಒಳಗ ಹೆಪ್ಪುಗಟ್ಟಿತ್ತು. ನಾ ಹಸೀ ಅರಿವಿ ತಂದ್ರ "ಮೌಶಿ, ನೀರ ಮುಟ್ಟಸಬ್ಯಾಡ್ರಿ" ಅಂತ ಒದರಿದ. ಒಣಾ ಬಣ್ಣದ ಬ್ರಶ್ ತಗೊಂಡು, ಫ್ಯಾನ್ ತಿರಗದಂಗ ಬಟ್ಟಲೆ ಹಿಡಕೊಂಡು, ಸಾವಕಾಶ ತಗದ. ಆಮ್ಯಾಲೆ ಕಾರ್ಡ್ ಹಾಕಿದ. ಇಟ್ಟಂಗಿ ಅಷ್ಟ ದಪ್ಪ ಅದ, ಅದಕ್ಕ ಅದರದ ಎರಡು ಫ್ಯಾನು. ಅದರ ತಲಿಗೆ ಬ್ಯಾರೆ ಕರೆಂಟಿನ ವಾಯರ್ ಹಚ್ಚಬೇಕಂತ, ಅದನ್ನ ಮರತ್ರ ನಡ್ಯಂಗಿಲ್ಲಂತ. ಒಳಗಿನ ಕರೆಂಟ್ ಡಬ್ಬಿ 550 ವಾಟಿಂದು ಅಂತ ಓದಿ ನೋಡಿ, "ಈ ಕಾರ್ಡಿಗೆ ಕಂಪನಿಯವ್ರ ಇಷ್ಟ ಹೇಳ್ತಾರ, ಸಾಕು" ಅಂದ. ಇದನ್ನೂ ನೆನಪಿಡ್ರಿ.

ಆಮ್ಯಾಲೆ ಮೇಜಿನ ಕೆಳಗ ಹೊಕ್ಕು ಹಿಂದಿನ ವಾಯರ್ ಹಚ್ಚಿಕೋತ ಏನೋ ಹೇಳಿದ. ನಾ ಅಡಿಗಿ ಮನಿಯಾಗ ಥಾಲಿಪೆಟ್ಟು ತಟ್ಟಲಿಕತ್ತಿದ್ದೆ. "ಹೂಂ ಹೂಂ" ಅಂದೆ. ನಮ್ಮ ಹೂಂ ಎಂಥಾದು ಅಂತ ನಿಮಗ ಗೊತ್ತದ.

ಚಾಲೂ ಮಾಡಿ, ಇಂಟರ್ನೆಟ್ಟಿನಿಂದ ಏನೋ ಇಳಿಸಿ, ಬಂದ್ ಮಾಡಿ ಮತ್ತ ಚಾಲೂ ಮಾಡಿ, ನಮ್ಮಾಕಿದ ಗುಳೇದಗುಡ್ಡದ ಮಾದರಿ ತಗದ. "ಮೌಶಿ, ಬರ್ರಿ ಇಲ್ಲೆ" ಅಂದ. ಕೈ ಒರಸಿಕೋತ ಹೋಗಿ ನೋಡಿದೆ. ಇಲಿ ಹಿಡದು ಸ್ವಲ್ಪ ಎಳದ್ರ ಆ ಮನೀ ಬುಗರಿಹಂಗ ತಿರಗ್ತು, ಎಲ್ಲೂ ತಡೀಲಿಲ್ಲ. ಅಂಗಳಾ ಬಂತು, ಮಗ್ಗಾ ಬಂತು, ಮಾಳಗಿ ಮ್ಯಾಲೆ ಹೋತು, ಹೊಳ್ಳಿ ಕೆಳಗ ಇಳೀತು. ನಾ ನನ್ನ ಕಣ್ಣಲೆ ನೋಡೀನಿ. ಎರಡು ಥಾಲಿಪೆಟ್ಟು ತಿಂದು, ಇನ್ನೆರಡು ಕಟ್ಟಿಸಿಕೊಂಡು, ರಾತ್ರಿ ಬಸ್ಸಿಗೆ ಹೋದ.

ಮರುದಿವ್ಸ ಮುಂಜಾನೆ ನೋಡ್ತೀನಿ, ಆ ಮೇಜಿನ ಸುತ್ತಲೂ ಅಂವ ಉದುರಿಸಿದ ಧೂಳು, ತಗಡಿನ ಚೂರು, ರಟ್ಟು. ನನಗ ತಡೀತದೇನು? ಸಿಪಿಯು ಎಳದು, ಹಿಂದಿನ ವಾಯರೆಲ್ಲಾ ಬಿಚ್ಚಿ, ಮೇಜು ಸರಸಿ, ಕಸಾ ಹೊಡದು, ಫರಸಿ ಒರಸಿ, ಒಣಾ ಅರಿವಿಲೆ ಡಬ್ಬಿ ಒರಸಿ, ಎಲ್ಲಾ ಹೊಳ್ಳಿ ಇದ್ದಲ್ಲೇ ಇಟ್ಟೆ. ಪ್ರತಿ ವರ್ಷ ಮಹಾನವಮಿಗೆ, ದೀಪಾವಳಿಗೆ ಮಾಡೂ ಕೆಲಸಾನ ಇದು. ಯಾವ ವಾಯರ್ ಯಾವ ಕಿಂಡಿಗೆ ಅಂತ ನನ್ನ ಕೈಗೆ ಗೊತ್ತದ, ಕಣ್ಣ ಬೇಕಾಗಂಗಿಲ್ಲ. ಚಾಲೂ ಮಾಡಿ ನೋಡಿದೆ, ಮಾನಿಟರಿನ್ಯಾಗ ಚಿತ್ರಾ ಬಂತು. ಬಂದ್ ಮಾಡಿ ಅದರ ಮ್ಯಾಲೆ ಕ್ರೋಶಾದ ಅರಿವಿ ಹೊಚ್ಚಿದೆ.

ಆದಿತ್ಯವಾರ ನಮ್ಮಾಕಿ ಬಂದ್ಲು. ಜಳಕಾ ಸುದ್ದಾ ಮಾಡಲಾರದ ಕಂಪ್ಯೂಟರ್ ಮುಂದ ಕೂತ್ಲು. ಹತ್ತು ನಿಮಿಷಕ್ಕ "ಅವ್ವಾ, ಇದು ಮೊದಲ ಹೆಂಗಿತ್ತೋ ಹಂಗ ಅದ" ಅಂದ್ಲು.

ನಿಮಗ ಹೇಳ್ತೀನಿ, ನನ್ನ ಎದಿ ಧಸಕ್ಕಂತು. 30 ಸಾವಿರ!

ಗುಂಡ್ಯಾಗ ಫೋನ್ ಹಚ್ಚಿದ್ಲು, ಸ್ಪೀಕರ್ ಮ್ಯಾಲೆ ಇಟ್ಟಿದ್ಲು. ಅಂವ ಅಂದ, "ನಾ ನೋಡೇ ಬಂದೀನಿ ತಂಗಿ, ನಿನ್ನ ಮಾದರಿನ ತಿರುಗಿಸಿ ನೋಡೀನಿ, ಛಲೋ ನಡದಿತ್ತು." ಈಕಿ "ಸುಳ್ಳ ಹೇಳಬ್ಯಾಡ, ನೀ ಟೆಸ್ಟ ಮಾಡೇ ಇಲ್ಲ, ಬಸ್ಸಿಗೆ ಹೊತ್ತಾಗಿತ್ತು ಓಡಿ ಹೋಗಿ" ಅಂದ್ಲು. ಅಂವ ಸ್ವಲ್ಪ ಹೊತ್ತು ಸುಮ್ನಿದ್ದು, "ಯಾರರ ಏನರ ಮುಟ್ಟೀರೇನು?" ಅಂತ ಕೇಳಿದ. ಈಕಿ ನನ್ನ ಕಡೆ ನೋಡಿದ್ಲು. ನಾ ತಲಿ ಅಲ್ಲಾಡಿಸಿದೆ, ಇಲ್ಲ ಅಂತ.

ದೇವರಾಣಿ, ನಾ ಮುಚ್ಚಿಟ್ಟಿದ್ದಲ್ಲ. ಕಸಾ ಹೊಡಿಯೂದು, ಒರಸೂದು, ಇದು "ಮುಟ್ಟೂದು" ಅಂತ ನನ್ನ ತಲಿಗೆ ಬರಲೇ ಇಲ್ಲ. ಮೂವತ್ತು ವರ್ಷ ಮಾಡಿದ ಕೆಲಸಾ ಯಾರಿಗೂ ಕಾಣಂಗಿಲ್ಲ ಅಂತ ನಾನ ಎಷ್ಟು ಸಲ ಇಲ್ಲೆ ಬರದೀನಿ. ಅವತ್ತ ನನಗೂ ಕಾಣಲಿಲ್ಲ.

ಇನ್ನೊಂದು ಅದ, ಅದು ಇದಕ್ಕಿಂತ ಕೆಟ್ಟದ್ದು. ಆ ಮನೀ ಬುಗರಿಹಂಗ ತಿರುಗಿದ್ದು ನಾ ನೋಡಿದ್ದೆನಲ್ಲ. "ಇಲ್ಲವಾ, ಅಂವ ಖರೇ ಹೇಳ್ತಾನ, ನನ್ನ ಕಣ್ಣ ಮುಂದ ತಿರಗ್ತು" ಅಂತ ನಾ ಗಟ್ಟಿಯಾಗಿ ಹೇಳಬೇಕಿತ್ತು. ಒಂದ ಸಲ ಸಣ್ಣ ದನಿಯಾಗ "ಅವತ್ತ ತಿರಗಿತ್ತಲ್ಲ" ಅಂದೆ. "ಅವ್ವಾ, ನಿನಗ ಏನು ತಿಳೀತದ ಇದರಾಗ" ಅಂದ್ಲು. ಸುಮ್ನಾದೆ. ನನಗ ತಿಳ್ಯಂಗಿಲ್ಲ ಅಂತ ನಾನೂ ಒಪ್ಪಿಕೊಂಡೆ. ಕಣ್ಣಲೆ ನೋಡಿದ್ದಕ್ಕ ಪಿಯುಸಿ ಆಗಿರಬೇಕು, ಬಿಇ ಆಗಿರಬೇಕು ಅಂತೇನಿಲ್ಲ, ಆದ್ರ ಆ ಹೊತ್ತಿನ್ಯಾಗ ಹಂಗ ಅನಸ್ತು.

ಫೋನ್ ಇಟ್ಟ ಮ್ಯಾಲೆ ಅಂವ ಎರಡ ಸಲ ಮತ್ತ ಮಾಡಿದ. ಈಕಿ ಎತ್ತಲಿಲ್ಲ.

ಮುಂದಿನ ಎರಡು ವಾರ ನಮ್ಮನಿಯಾಗ ಆದದ್ದನ್ನ ಲಗೂ ಹೇಳಿ ಮುಗಸ್ತೀನಿ. ಹಳೇ ಡ್ರೈವರ್ ತಗದು ಹೊಸಾ ಡ್ರೈವರ್ ಹಾಕಿದ್ಲು, ಎರಡ ಸಲ. ಕಾರ್ಡಿನ ಹೆಸರು ಲಿಸ್ಟಿನ್ಯಾಗ ಕಾಣಸ್ತದ, ಕೆಲಸಾ ಮಾತ್ರ ಮಾಡಂಗಿಲ್ಲ. ಇಲ್ಲಿ ಒಂದು ಅಂಗಡಿಯವ್ರಿಗೆ ಫೋನ್ ಮಾಡಿದ್ವಿ, ಹೆಸರು ಬ್ಯಾಡ. ಅವ್ರು ಕೂತಲ್ಲೇ "ಕರೆಂಟ್ ಡಬ್ಬಿ ಸಣ್ಣದಾತು, 750 ವಾಟಿಂದು ಹಾಕ್ರಿ" ಅಂದ್ರು. ಮರುದಿವ್ಸ ಇನ್ನೊಬ್ಬಂವ "ಪ್ರೊಸೆಸರ್ ಹಳೇದು, ಅದು ಕಾರ್ಡಿಗೆ ಓಟಾ ಕೊಡಂಗಿಲ್ಲ, ಪ್ರೊಸೆಸರು, ಬೋರ್ಡು ಎರಡೂ ಬದಲಸ್ರಿ" ಅಂದ. ಒಬ್ಬೊಬ್ರ ಬಾಯಾಗ ಐದು ಸಾವಿರ, ಹದಿನೈದು ಸಾವಿರ. ಇವ್ರು ಪೇಪರ್ ಮಡಚಿ ಇಟ್ಟು "ಆ ಕಾರ್ಡ್ ಬಂದಷ್ಟಕ್ಕ ಮಾರಿ ಬಿಡ್ರಿ" ಅಂದ್ರು. ಭಿಶಿ ಬಂದದ್ದು ಆ ವಾರನ. ನಾ ನಿಮ್ಮ ಮುಂದ ಆ ಮಾತು ಆಡಿದ್ದು ಆವಾಗ.

ಎರಡ ದಿನಕ್ಕ ಅಕ್ಕನ ಫೋನ್ ಬಂತು. "ನನ್ನ ಮಗಾ ದಡ್ಡ ಇರಬಹುದು, ಸುಳ್ಳ ಹೇಳಾಂವ ಅಲ್ಲ" ಅಂದ್ಲು. ಅಷ್ಟ. ಬೈದಿದ್ರ ನಾನೂ ಬೈತಿದ್ದೆ, ಅಳತಿದ್ವಿ, ಮುಗೀತಿತ್ತು. ಅಷ್ಟ ಹೇಳಿ ಇಟ್ಲು. ಆಮ್ಯಾಲೆ ಮುಂಜಾನೆ ಬರೋ ಆಕಿ ಗುಡ್ ಮಾರ್ನಿಂಗ್ ಫೋಟೋನೂ ನಿಂತು ಹೋತು. ಆ ಹೂವಿನ ಫೋಟೋಗಳನ್ನ ನೋಡಿ ನಾ ಎಷ್ಟು ಸಲ ನಕ್ಕೀನಿ. ಬರಲಾರದಕ್ಕ ದಿನಾ ಫೋನ್ ತಗದು ನೋಡ್ತಿದ್ದೆ.

ಕಡೀಕ ಸಿಪಿಯು ಆಟೋದಾಗ ಹಾಕ್ಕೊಂಡು ಅಂಗಡಿಗೇ ಒಯ್ದ್ವಿ. ಅಂವ ತನ್ನ ಮಾನಿಟರಿಗೆ, ತನ್ನ ವಾಯರಿಗೆ ಹಚ್ಚಿದ. ಅಯ್ಯ, ಬುಗರಿ! ಮನೀ ಗರಗರ ತಿರಗ್ತದ. "ಛಲೋ ನಡದದಲ್ರೀ ಬಾಯಾರ, ಏನಾಗೇದ ಇದಕ್ಕ?" ಅಂದ. ಹಲ್ಲು ಬ್ಯಾನಿ ಡಾಕ್ಟರ್ ಬಾಗಲದಾಗ ನಿಲ್ತದಲ್ಲ, ಹಂಗ. ಖುಷಿಲೆ ಮನಿಗೆ ತಂದು ಇಟ್ವಿ. ಇವ್ರು ಕೆಳಗ ಬಗ್ಗಿದ್ರು, ಕೈ ಎಲ್ಲಾ ವಾಯರು, "ಯಾವ್ದು ಎಲ್ಲೆ?" ಅಂತ ಕೇಳಿದ್ರು. "ಮಾನಿಟರಿಂದು ಮ್ಯಾಲಿನ ಕಿಂಡಿಗ್ರೀ, ನಾಕು ವರ್ಷದಿಂದ ನಾನ ಹಚ್ಚೀನಿ" ಅಂದೆ. ಚಾಲೂ ಮಾಡಿದ್ವಿ. ಮತ್ತ ಕುಂಟ್ಲಿಕ್ಕೆ ಚಾಲೂ.

ಅಂಗಡಿಯಂವಗ ಫೋನ್ ಮಾಡಿದ್ರ "ಹಂಗಾರ ನಿಮ್ಮನಿ ಕರೆಂಟಿನ್ಯಾಗ ಏನೋ ಅದ, ವೋಲ್ಟೇಜ್ ಕಡಿಮಿ ಇರಬೇಕು" ಅಂದ. ಇವ್ರು ಎಲೆಕ್ಟ್ರಿಶಿಯನ್ನ ಕರಸಿ ಅಳಸಿದ್ರು. 228. ಇರಬೇಕಾದ್ದು 230. ಅಂವಾ 200 ರೂಪಾಯಿ ತಗೊಂಡು, ಚಹಾ ಕುಡದು ಹೋದ.

ಅವತ್ತ ರಾತ್ರಿ ಹುಡುಗಿ ಕಂಪ್ಯೂಟರ್ ಬಂದ್ ಮಾಡಿ, ಹಾಳಿ ಪೆನ್ಸಿಲ್ ತಗೊಂಡು ನೆಲಕ್ಕ ಕೂತ್ಲು. ಮುಂದಿನ ಸೋಮವಾರ ಜ್ಯೂರಿ ಇತ್ತು. "ಕೈಲೆ ತಗೀತೀನವಾ, ಏನಾಗ್ತದೋ ಆಗ್ಲಿ" ಅಂದ್ಲು. ಆಕಿ ಮಲಗಿದ ಮ್ಯಾಲೆ ನನಗ ನಿದ್ದಿ ಬರಲಿಲ್ಲ.

ಕತ್ತಲ್ಯಾಗ ಕೂತು ನಾ ಮಿಕ್ಸರ್ ಲೆಕ್ಕ ಹಾಕಿದೆ. ನಗಬ್ಯಾಡ್ರಿ. ಹೋದ ವರ್ಷ ನನ್ನ ಮಿಕ್ಸರ್ ರಿಪೇರಿಯವ್ರ ಕಡೆ ತಿರಗ್ತಿತ್ತು, ನಮ್ಮ ಅಡಿಗಿ ಮನಿಯಾಗ ತಿರಗ್ತಿದ್ದಿಲ್ಲ. ಕಡೀಕ ಕೆಟ್ಟದ್ದು ಗ್ವಾಡಿಯಾಗಿನ ಪ್ಲಗ್ ಪಾಯಿಂಟು. ಗುಂಡ್ಯಾ ಹಾಕಿದ ದಿವ್ಸ ಛಲೋ ತಿರಗ್ತು, ನಾ ನೋಡೀನಿ. ಅಂಗಡಿಯಾಗ ತಿರಗ್ತು, ಎಲ್ಲಾರೂ ನೋಡ್ಯಾರ. ಅಂದ್ರ ಡಬ್ಬಿ ಒಳಗಿಂದು ಏನೂ ಕೆಟ್ಟಿಲ್ಲ. ಡಬ್ಬಿ ಹೊರಗ ಏನದ? ಕರೆಂಟು, ಅದು 228. ಇಲಿ, ಕೀ ಬೋರ್ಡು. ಮಾನಿಟರು, ಅದರ ವಾಯರು.

ಎದ್ದು ಕಂಪ್ಯೂಟರ್ ಚಾಲೂ ಮಾಡಿದೆ. ನಮ್ಮಾಕಿ ಎನ್ವಿಡಿಯಾ ಕಂಟ್ರೋಲ್ ಪ್ಯಾನಲ್ ಅಂತ ಒಂದು ತಗದಾಗೆಲ್ಲಾ ಒಂದು ಸಣ್ಣ ಚೌಕ ಬಂದು ಏನೋ ಹೇಳ್ತಿತ್ತು. ಆಕಿ "ಮತ್ತ ಅದ ಎರರ್" ಅಂತ ಸಿಟ್ಟಿಲೆ ಬಂದ್ ಮಾಡ್ತಿದ್ಲು. ಅಂಗಡಿಯವ್ರಿಗೂ "ಎರರ್ ಬರ್ತದ" ಅಂತಷ್ಟ ಹೇಳಿದ್ಲು. ಆ ಚೌಕದಾಗ ಏನು ಬರದದ ಅಂತ ಎರಡು ವಾರದಾಗ ನಮ್ಮನಿಯಾಗ ಯಾರೂ ಓದಿದ್ದಿಲ್ಲ. ನನ್ನ ಪಿಯುಸಿ ಇಂಗ್ಲೀಷಿಲೆ ಒಂದೊಂದ ಶಬ್ದಾ ಬಟ್ಟಿಟ್ಟು ಓದಿದೆ. ಎನ್ವಿಡಿಯಾ ಡಿಸ್ಪ್ಲೇ ಸೆಟಿಂಗ್ಸ್ ಸಿಗೂದಿಲ್ಲ, ಯಾಕಂದ್ರ ನೀವು ಎನ್ವಿಡಿಯಾ ಜಿಪಿಯುಗೆ ಹಚ್ಚಿದ ಡಿಸ್ಪ್ಲೇ ಉಪಯೋಗ ಮಾಡ್ಲಿಕತ್ತಿಲ್ಲ. ಇಷ್ಟ ಅದರ ಅರ್ಥ.

ಹಚ್ಚಿದ ಡಿಸ್ಪ್ಲೇ ಅಲ್ಲಂದ್ರ? ಮಾನಿಟರ್ ಹಚ್ಚೀವಿ, ಚಿತ್ರಾ ಕಾಣಸ್ತದಲ್ಲ! ಮತ್ತ ಯಾವುದಕ್ಕ ಹಚ್ಚೀವಿ?

ಗಡಿಯಾರದಾಗ ಹನ್ನೊಂದೂವರಿ. ಗುಂಡ್ಯಾಗ ಫೋನ್ ಮಾಡೂದೋ ಬ್ಯಾಡೋ ಅಂತ ಕಾಲು ತಾಸು ಕೂತೆ. ಮಾಡಿದೆ. ಒಂದ ರಿಂಗಿಗೆ ಎತ್ತಿದ. "ಏನಾತ್ರಿ ಮೌಶಿ, ಎಲ್ಲಾರೂ ಆರಾಮ ಇದ್ದೀರಿಲ್ಲೋ?" ಅಂತ ಗಾಬರಿಯಾಗಿ ಕೇಳಿದ. ಎರಡು ವಾರ ಸುಳ್ಳ ಅನಿಸಿಕೊಂಡ ಹುಡುಗ ಮೊದಲ ಕೇಳಿದ್ದು ಇದನ್ನ.

ಆ ಚೌಕದಾಗಿಂದು ಓದಿ ಹೇಳಿದೆ. ಅಂವಾ ಸುಮ್ನಾದ. ಆಮ್ಯಾಲೆ "ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಮ್ಮೆಲೆ ಒತ್ರಿ" ಅಂದ. ಒತ್ತಿದೆ, ಟಾಸ್ಕ್ ಮ್ಯಾನೇಜರ್ ಅಂತ ಬಂತು. "ಪರ್ಫಾರ್ಮೆನ್ಸ್ ಅಂತ ಇರ್ತದ, ಅಲ್ಲೆ ಜಿಪಿಯು ಎಷ್ಟು ಅವ?" ಎರಡು ಇದ್ದವು. ಸೊನ್ನೆ ನಂಬರಿಂದು ಇಂಟೆಲ್, ಒಂದನೇ ನಂಬರಿಂದು ಎನ್ವಿಡಿಯಾ. "ಈಗ ತಂಗಿ ಮಾದರಿ ತಗದು ತಿರುಗಿಸ್ರಿ." ತಿರುಗಿಸಿದೆ. ಇಂಟೆಲ್ಲಿಂದು ನೂರಕ್ಕ ಹತ್ರ ಏರಿ ಏದುಸಿರು ಬಿಡ್ಲಿಕತ್ತು. ನಮ್ಮ 27 ಸಾವಿರದ್ದು ಸೊನ್ನೆ. ಒಮ್ಮೊಮ್ಮೆ ಒಂದು.

"ಮೌಶಿ," ಅಂದ ಗುಂಡ್ಯಾ ಭಾಳ ಸಾವಕಾಶ, "ಮಾನಿಟರಿನ ವಾಯರ್ ಎಲ್ಲಿಗೆ ಹಚ್ಚೀರಿ?"

"ಮ್ಯಾಲಿನ ಕಿಂಡಿಗೆ."

"ನಾ ಕೆಳಗ ಹಚ್ಚಿದ್ನಲ್ರೀ. ಹೇಳಿದ್ದೆ ನಿಮಗ, ನೀವು ಹೂಂ ಅಂದ್ರಿ."

ಆವಾಗ ಆ ಥಾಲಿಪೆಟ್ಟು, ಆ ಹೂಂ, ಆ ಕಸಬರಿಗಿ ಎಲ್ಲಾ ಒಮ್ಮೆಲೆ ನೆನಪಾದವು. ಟಾರ್ಚ್ ಹಿಡಕೊಂಡು ಮೇಜಿನ ಕೆಳಗ ಹೊಕ್ಕೆ. ಡಬ್ಬಿ ಹಿಂದ ಮ್ಯಾಲೆ ಇಲಿ, ಕೀ ಬೋರ್ಡಿನ ಕಿಂಡಿಗಳ ಸಾಲಿನ್ಯಾಗ ನಮ್ಮ ವಾಯರ್ ಹೊಕ್ಕೊಂಡು ಕೂತಿತ್ತು. ಅಲ್ಲಿಂದ ಒಂದು ಗೇಣು ಕೆಳಗ, ಕಾರ್ಡಿನ ಬೆನ್ನಾಗ, ಅಡ್ಡಡ್ಡ ನಾಕು ಕಿಂಡಿ ಖಾಲಿ. ಮೂರು ಬ್ಯಾರೆ ನಮೂನಿ, ಒಂದು ನಮ್ಮ ವಾಯರಿನ ನಮೂನಿ. ಮ್ಯಾಲಿಂದ ಕಿತ್ತಿ ಕೆಳಗ ಹಚ್ಚಿದೆ. ಮಾನಿಟರ್ ಕಪ್ಪಗಾತು. ಅಯ್ಯ ಶಿವನ ಅಂದೆ. ಹೊಳ್ಳಿ ಬೆಳಕ ಬಂತು.

ಇಲಿ ಹಿಡದು ಎಳದೆ. ಗುಳೇದಗುಡ್ಡದ ಅಂಗಳಾ, ಮಗ್ಗಾ, ಮಾಳಗಿ.

ಆಮ್ಯಾಲೆ ಅಂವಾ ತಿಳಿಸಿ ಹೇಳಿದ, ನನಗ ತಿಳದಷ್ಟು ನಿಮಗ ಹೇಳ್ತೀನಿ. ನಮ್ಮ ಪ್ರೊಸೆಸರ್ ಇಂಟೆಲ್ ಐ5-10400. ಅದರ ಹೊಟ್ಟಿಯೊಳಗ ಚಿತ್ರಾ ತಗಿಯೂ ಸಣ್ಣ ಯಂತ್ರಾ ಒಂದು ಮೊದಲಿಂದ ಇರ್ತದ. ಅದಕ್ಕ ತನ್ನ ಸ್ವಂತ ಮೆಮೊರಿ ಇಲ್ಲ, ಕಂಪ್ಯೂಟರಿನ ರ್‍ಯಾಮಿನ್ಯಾಗಿಂದ ಕಡಾ ಇಸಕೊಂಡು ಬದುಕ್ತದ. ಮ್ಯಾಲಿನ ಕಿಂಡಿ ಅದರದು. ಹೊಸಾ ಕಾರ್ಡಿಗೆ ತನ್ನದ 12 ಜಿಬಿ ಮೆಮೊರಿ ಅದ, ಕೆಳಗಿನ ಕಿಂಡಿ ಅದರದು. ನಮ್ಮಾಕಿ ಸ್ಕೆಚ್‌ಅಪ್ಪು ಮಾನಿಟರ್ ಯಾವುದಕ್ಕ ಹಚ್ಚೀವೋ ಅದರ ಕಡೆನ ಕೆಲಸಾ ಹಚ್ಚಿತ್ತು. ಮದುವಿಗೆ ಅಂತ ಪಗಾರ ಕೊಟ್ಟು ಅಡಿಗಿಯವ್ರನ್ನ ಕರಸಿ, ಅವ್ರನ್ನ ಅಂಗಳದಾಗ ಕೂಡಿಸಿ, ಸಾವಿರ ಮಂದಿ ಹೋಳಗಿನ ಮನೀ ಮುದುಕಿ ಕೈಲೆ ಲಟ್ಟಿಸಿದಂಗ. ಪಾಪ ಮುದುಕಿ ಎಷ್ಟಂತ ಲಟ್ಟಸ್ತಾಳ.

ಕೆಲವು ಬೋರ್ಡಿನ್ಯಾಗ ಕಾರ್ಡ್ ಹಾಕಿದ ಕೂಡ್ಲೆ ಮ್ಯಾಲಿನ ಕಿಂಡಿ ಸತ್ತ ಹೋಗ್ತದಂತ. ನಮ್ಮದು ಹಂಗ ಆಗಿದ್ರ ಅವತ್ತ ಮಾನಿಟರ್ ಕಪ್ಪಗಿರ್ತಿತ್ತು, ನಾ ಗಾಬರಿಯಾಗಿ ಅಲ್ಲೇ ಫೋನ್ ಮಾಡ್ತಿದ್ದೆ. ಅಥವಾ ಪ್ರೊಸೆಸರಿನ ಹೆಸರಿನ ತುದಿಗೆ ಎಫ್ ಅಂತ ಇದ್ರ, 10400ಎಫ್ ಅಂತ, ಅದಕ್ಕ ಹೊಟ್ಟಿಯಾಗ ಆ ಮುದುಕಿನ ಇರಂಗಿಲ್ಲ, ಮ್ಯಾಲಿನ ಕಿಂಡಿಯಾಗ ಚಿತ್ರಾನ ಬರಂಗಿಲ್ಲ. ನಮ್ಮದ್ರಾಗ ಎರಡೂ ಜೀವಂತ ಇದ್ದವು. ಚಿತ್ರಾ ಬಂತು, ಅದಕ್ಕ ಎಲ್ಲಾ ಸರಿ ಅದ ಅಂದ್ಕೊಂಡೆ. ಅಂಗಡಿಯಂವ ಕಾರ್ಡ್ ನೋಡಿ ನೇರ ಕಾರ್ಡಿಗೆ ಹಚ್ಚಿದ್ದ, ಅದಕ್ಕ ಅಲ್ಲೆ ತಿರಗ್ತು. ಆದ್ರ ಮನಿಯಾಗ ಎಲ್ಲಿ ಹಚ್ಚೀರಿ ಅಂತ ಅವನೂ ಕೇಳಲಿಲ್ಲ. ನಿಮ್ಮ ಮನಿಯಾಗೂ ಹುಡುಗ್ರು ಕಾರ್ಡ್ ಹಾಕಿಸಿದ್ರ, ಮೊದಲ ಆ ಮೂರು ಕೀ ಒತ್ತಿ ಯಾವುದು ಕೆಲಸಾ ಮಾಡ್ಲಿಕತ್ತದ ನೋಡ್ರಿ, ಆಮ್ಯಾಲೆ ಹಿಂದ ಬಗ್ಗಿ ವಾಯರ್ ನೋಡ್ರಿ. ರೊಕ್ಕಾ ಆಮ್ಯಾಲೆ ತಗೀರಿ.

ಗುಂಡ್ಯಾಗ "ತಪ್ಪಾತೋ" ಅಂದೆ. "ಇರ್ಲಿ ಬಿಡ್ರಿ ಮೌಶಿ, ಕಾರ್ಡ್ ಉಳೀತಲ್ಲ" ಅಂದ. ಅಷ್ಟ ಅಂದು, ಸ್ವಲ್ಪ ತಡದು, "ತಂಗಿಗೆ ನೀವ ಹೇಳ್ರಿ, ನಾ ಹೇಳಿದ್ರ ನಂಬೂದಿಲ್ಲ" ಅಂದ. ಅದು ನನಗ ನೆಟ್ಟಿತು.

ಮುಂಜಾನೆ ಆಕಿಗೆ ತೋರಿಸಿದೆ. ಮೊದಲ ತಿರುಗಿಸಿ ನೋಡಿ ಕುಣದ್ಲು. "ಏನ್ ಮಾಡ್ದಿ ಅವ್ವಾ?" "ನಾ ಕೆಡಿಸಿದ್ನ ನಾನ ಸರಿ ಮಾಡ್ದೆ" ಅಂದೆ. ಕಸಬರಿಗಿಯಿಂದ ಹಿಡದು ಎಲ್ಲಾ ಹೇಳಿದೆ. ಬೈತಾಳ ಅಂದ್ಕೊಂಡಿದ್ದೆ. ನನ್ನ ನೋಡಲಿಲ್ಲ, ಮಾನಿಟರ್ ನೋಡಿಕೋತ ಕೂತ್ಲು. "ನಾ ಅಣ್ಣಗ ಸುಳ್ಳ ಹೇಳ್ತಿ ಅಂದೆನಲ್ಲ" ಅಂದ್ಲು. ಬಸ್ಸಿಗೆ ಹೋಗೂ ಮುಂದ ಹಿತ್ತಲಕ್ಕ ಹೋಗಿ ಅವನ ಜೋಡಿ ಮಾತಾಡಿದ್ಲು. ಏನ್ ಮಾತಾಡಿದ್ರೋ ನಾ ಕೇಳಲಿಲ್ಲ. ಕಣ್ಣ ಕೆಂಪಗ ಇದ್ದವು, ಟಿಫಿನ್ ಡಬ್ಬಿ ಮರತು ಹೋದ್ಲು. ಸೋಮವಾರ ಜ್ಯೂರಿ ಆತು. ಅಂಗಳದ ಬಿಸಲು ಸರಿ ಬಿದ್ದಿಲ್ಲ, ಮಗ್ಗದ ಕ್ವಾಣಿ ಬೆಳಕು ಇನ್ನೂ ವಿಚಾರ ಮಾಡು ಅಂದಾರಂತ. ವಿಡಿಯೋ ಪೂರಾ ನೋಡ್ಯಾರ.

ಇವ್ರಿಗೆ ಹೇಳಿದ್ರ "ಆ 200 ರೂಪಾಯಿ ಎಲೆಕ್ಟ್ರಿಶಿಯನ್ನಂದು ಯಾರು ಕೊಡ್ತೀರಿ?" ಅಂದ್ರು.

ಅಕ್ಕಗ ಮೂರ ಸಲ ಫೋನ್ ಮಾಡೀನಿ. ಎತ್ತತಾಳ, ಮಾತಾಡ್ತಾಳ, ಮಳಿ ಬೆಳಿ ಕೇಳ್ತಾಳ. "ಗುಂಡ್ಯಾ ಎಲ್ಲಾ ಹೇಳ್ಯಾನ ಬಿಡು" ಅಂತಾಳ. ಆದ್ರ ಗುಡ್ ಮಾರ್ನಿಂಗ್ ಹೂವು ಇನ್ನೂ ಬರಲಿಕತ್ತಿಲ್ಲ. ಅಕ್ಕಾ, ನೀ ಇದನ್ನ ಓದ್ತಿ ಅಂತ ನನಗ ಗೊತ್ತದ, ಪ್ರತಿ ಸಲ ಮೊದಲ ಓದಾಕಿ ನೀನ. ಹನ್ನೆರಡು ಮಂದಿ ಮುಂದ ನಾ ಆಡಿದ ಮಾತು, ಅದಕ್ಕ ಅಷ್ಟೂ ಮಂದಿ ಓದೂ ಜಾಗಾದಾಗ ಹೇಳ್ಲಿಕತ್ತೀನಿ. ನಿನ್ನ ಮಗಾ ಸುಳ್ಳ ಹೇಳಿದ್ದಿಲ್ಲ. ಕೆಡಿಸಿದ್ದೂ ಇಲ್ಲ. ಅಂವಾ ಮಾಡಿದ್ದು ಖರೇ ಅಂತ ಗೊತ್ತಿದ್ದಾಕಿ ನಾನೊಬ್ಬಾಕಿನ, ನಾ ಬಾಯಿ ಮುಚ್ಚಿಕೊಂಡು ಕೂತೆ.

ಮ್ಯಾಲಿನ ಕಿಂಡಿಗೆ ಈಗ ಗಾಯದ ಪಟ್ಟಿ ಅಂಟಿಸೀನಿ, ಕೈ ಮತ್ತ ಅಲ್ಲಿಗೆ ಹೋಗಬಾರದಂತ. ಯುಗಾದಿಗೆ ಗುಂಡ್ಯಾ ಬರ್ತೀನಿ ಅಂದಾನ. ಅಕ್ಕಾ, ನೀನೂ ಬಾ. ಬರೂ ಮುಂದ ನಿಮ್ಮ ಹಿತ್ತಲದ ಬೇವಿನ ಹೂವು ಸ್ವಲ್ಪ ಹಿಡಕೊಂಡು ಬಾ, ನಮ್ಮ ಗಿಡಾ ಈ ವರ್ಷ ಹೂವ ಬಿಟ್ಟಿಲ್ಲ.